ಕೊನೆಯ ನಳದವರೆಗೆ ಉಳಿಯುವ ಕ್ಲೋರಿನ್: ಊರ ಬಾವಿಯ ನೀರಿಗೆ ಯಾವ ಸೋಂಕುನಿವಾರಕ?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಅನೇಕ ಹಳ್ಳಿ ಮತ್ತು ತಾಂಡಾಗಳಿಗೆ ಕುಡಿಯುವ ನೀರು ಊರಂಚಿನ ಒಂದು ತೆರೆದ ಬಾವಿಯಿಂದ ಅಥವಾ ಎರಡು ಮೂರು ಕೊಳವೆ ಬಾವಿಗಳಿಂದ ಬರುತ್ತದೆ. ಮೋಟಾರು ನೀರನ್ನು ಟ್ಯಾಂಕಿಗೆ ಏರಿಸುತ್ತದೆ, ಅಲ್ಲಿಂದ ಪೈಪುಗಳ ಮೂಲಕ ಓಣಿಯ ನಳಗಳಿಗೆ ಇಳಿಯುತ್ತದೆ. ಈ ನೀರನ್ನು ಸೋಂಕುರಹಿತವಾಗಿಸುವ ಪ್ರಶ್ನೆ ಗ್ರಾಮ ಪಂಚಾಯಿತಿಯ ಸಭೆಗೆ ಬಂದಾಗ, ಕ್ರಿಮಿಗಳನ್ನು ಯಾವುದು ಚೆನ್ನಾಗಿ ಕೊಲ್ಲುತ್ತದೆ ಎಂಬುದರ ಸುತ್ತಲೇ ಚರ್ಚೆ ನಡೆಯುತ್ತದೆ. ಸರಿಯಾದ ಪ್ರಮಾಣದಲ್ಲಿ ಬಳಸಿದರೆ ಮಾರುಕಟ್ಟೆಯಲ್ಲಿರುವ ಬಹುತೇಕ ಎಲ್ಲ ಸೋಂಕುನಿವಾರಕಗಳೂ ಕಾಲರಾ, ವಿಷಮಶೀತಜ್ವರ ಮತ್ತು ವಾಂತಿಭೇದಿಯ ಸಾಮಾನ್ಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಆದ್ದರಿಂದ ಆಯ್ಕೆಯನ್ನು ನಿರ್ಧರಿಸಬೇಕಾದ ಪ್ರಶ್ನೆಗಳು ಬೇರೆಯೇ ಇವೆ: ಮೇ ತಿಂಗಳ ಬಿಸಿಲಿನಲ್ಲಿ ನಮ್ಮ ಪಂಪ್‌ಹೌಸಿನ ತಗಡಿನ ಮಾಡಿನ ಕೆಳಗೆ ಅದರ ಶಕ್ತಿ ಎಷ್ಟು ದಿನ ಉಳಿಯುತ್ತದೆ, ರಾತ್ರಿ ಎರಡು ಗಂಟೆಗೆ ಕರೆಂಟು ಬಂದು ಮೋಟಾರು ತಾನಾಗಿ ಶುರುವಾದಾಗ ಅದು ನೀರಿಗೆ ಸೇರುತ್ತದೆಯೇ, ಮತ್ತು ಊರಿನ ಕಟ್ಟಕಡೆಯ ನಳದಲ್ಲಿ ಅದರ ಅಂಶ ಕಾಣಿಸುತ್ತದೆಯೇ?

ಮೊದಲು ಗುರಿಯನ್ನು ಗೊತ್ತುಮಾಡಿಕೊಳ್ಳೋಣ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500, 2012ರ ಆವೃತ್ತಿಯಲ್ಲಿ, ಬಳಕೆದಾರರ ಕಡೆಯಲ್ಲಿ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಉಳಿಕೆ ಕ್ಲೋರಿನ್ (ನೀರಿನ ಕೊಳೆಯಲ್ಲಿ ಖರ್ಚಾಗದೆ ಉಳಿದ, ಇನ್ನೂ ಕ್ರಿಮಿ ಕೊಲ್ಲಬಲ್ಲ ಕ್ಲೋರಿನ್) ಇರಬೇಕೆಂದು ಹೇಳುತ್ತದೆ. ವೈರಸ್ ಸೋಂಕಿನಿಂದ ರಕ್ಷಣೆ ಬೇಕಾದಾಗ ಈ ಕನಿಷ್ಠ ಮಟ್ಟ 0.5 ಆಗುತ್ತದೆ, ಮೇಲಿನ ಮಿತಿ 1 ಮಿಲಿಗ್ರಾಂ. ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರ್ ಮಾದರಿಯಲ್ಲಿ ಒಂದೂ ಸಿಗಬಾರದು. ಮೇಲಿನ ಮಿತಿಯನ್ನು ಕಡೆಗಣಿಸುವಂತಿಲ್ಲ. ನೀರು ಔಷಧಿಯ ವಾಸನೆ ಹೊಡೆಯತೊಡಗಿದರೆ ಮನೆಯ ಹೆಣ್ಣುಮಕ್ಕಳು ಕೊಡ ಹಿಡಿದು ಹೊಲದ ಬಾವಿಗೆ ಹೋಗುತ್ತಾರೆ, ಮತ್ತು ಆ ಬಾವಿಗೆ ಯಾವ ಔಷಧಿಯನ್ನೂ ಯಾರೂ ಹಾಕಿರುವುದಿಲ್ಲ.

ಮೊದಲು ನೀರಿನ ಗುಣ, ಆಮೇಲೆ ಔಷಧಿ

ನಮ್ಮ ಮೂರು ಜಿಲ್ಲೆಗಳ ನೆಲ ಒಂದೇ ಬಗೆಯದಲ್ಲ, ಆದ್ದರಿಂದ ಪಕ್ಕದ ತಾಲೂಕಿನಲ್ಲಿ ಸರಿಹೋದ ವ್ಯವಸ್ಥೆಯನ್ನು ಹಾಗೆಯೇ ತಂದು ಕೂರಿಸುವುದು ಒಳ್ಳೆಯದಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣಕಲ್ಲಿನ ಪದರಗಳಿವೆ. ಅಲ್ಲಿನ ನೀರು ಗಡಸು, ಮತ್ತು ಕಲ್ಲಿನ ಸೀಳುಗಳ ಮೂಲಕ ಮೇಲಿನ ಕೊಳಚೆ ಹೆಚ್ಚು ಸೋಸಿಹೋಗದೆ ಬೇಗನೆ ಬಾವಿಗೆ ಇಳಿಯಬಲ್ಲದು. ಶೌಚಗುಂಡಿಗೂ ಬಾವಿಗೂ ನಡುವೆ ಸಾಮಾನ್ಯವಾಗಿ ಹೇಳುವ 15 ಮೀಟರ್ ಅಂತರ ಅಂಥ ನೆಲದಲ್ಲಿ ಸಾಕಾಗುತ್ತದೆಂದು ನಂಬಬಾರದು. ಬೀದರಿನ ಪ್ರಸ್ಥಭೂಮಿಯಲ್ಲಿ ಕಪ್ಪು ಶಿಲೆಯ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆಯಿದೆ. ಬಹಮನಿಗಳ ಕಾಲದ ನೌಬಾದಿನ ಸುರಂಗ ಬಾವಿ ಇದೇ ಜಂಬಿಟ್ಟಿಗೆಯಲ್ಲಿ ಇಂಗುವ ನೀರನ್ನು ನಂಬಿ ಕೊರೆದದ್ದು. ಅಂಥ ನೀರು ಸಾಮಾನ್ಯವಾಗಿ ಕಡಿಮೆ ಗಡಸಾಗಿರುತ್ತದೆ, ಆದರೆ ರಂಧ್ರಗಳುಳ್ಳ ಈ ಕಲ್ಲು ಮೊದಲ ಮಳೆಯ ಕೊಳೆಯನ್ನೂ ಅಷ್ಟೇ ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಯಾದಗಿರಿಯ ಕಣಶಿಲೆಯ ಸೀಮೆಯ ಅನೇಕ ಊರುಗಳಲ್ಲಿ ಫ್ಲೋರೈಡ್ ತೊಂದರೆಯಿದೆ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಈ ಮೂರನ್ನೂ ಕ್ಲೋರಿನ್ ತೆಗೆಯುವುದಿಲ್ಲ, ಯುವಿ (ಅತಿನೇರಳೆ ಕಿರಣದ) ದೀಪ ತೆಗೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅವು ಮಿತಿ ಮೀರಿದ್ದರೆ ಸೋಂಕುನಿವಾರಕದ ಹೋಲಿಕೆಗೆ ಕೂರುವ ಮೊದಲು ಬೇರೆ ಜಲಮೂಲವನ್ನು ಹುಡುಕಬೇಕು.

ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮತ್ತು ರಾಡಿ ಕೂಡ ಆಯ್ಕೆಯ ಮೇಲೆ ಪ್ರಭಾವ ಬೀರುತ್ತವೆ. ಕ್ಲೋರಿನ್ ನೀರಿಗೆ ಬಿದ್ದಾಗ ಹೈಪೋಕ್ಲೋರಸ್ ಆಮ್ಲವೂ ಹೈಪೋಕ್ಲೋರೈಟ್ ಅಯಾನೂ ಉಂಟಾಗುತ್ತವೆ; ಕ್ರಿಮಿಗಳನ್ನು ಚುರುಕಾಗಿ ಕೊಲ್ಲುವುದು ಮೊದಲನೆಯದು. ಪಿಎಚ್ 7.5ರ ಸುಮಾರಿಗೆ ಇವೆರಡೂ ಅರ್ಧರ್ಧ ಇರುತ್ತವೆ, 8.5ಕ್ಕೆ ಏರಿದರೆ ಚುರುಕಾದ ಭಾಗ ಸುಮಾರು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಸುಣ್ಣದಂಶದ ಅಂತರ್ಜಲ ಅನೇಕ ಕಡೆ ಕ್ಷಾರದತ್ತ ವಾಲುವುದರಿಂದ ಅಂಥಲ್ಲಿ ಕ್ಲೋರಿನ್ ಹಾಕಿದ ಮೇಲೆ ನೀರನ್ನು ಬಳಸದೆ ಬಿಡುವ ಅರ್ಧ ಗಂಟೆಯ ಸಂಪರ್ಕಕಾಲ ಸಾಲದೆ ಒಂದು ಗಂಟೆಯನ್ನಾದರೂ ಕೊಡಬೇಕಾಗುತ್ತದೆ. ರಾಡಿಯನ್ನು ಅದರ ಅಳತೆಯ ಮಾನದಲ್ಲಿ 1 ಎನ್‌ಟಿಯು ಒಳಗೆ ಇರಿಸಿಕೊಳ್ಳುವುದು ಉತ್ತಮ, 5 ದಾಟಿದರೆ ಮೊದಲು ತಿಳಿಯಾಗಿಸಿ ಆಮೇಲೆ ಕ್ಲೋರಿನ್ ಹಾಕಬೇಕು, ಏಕೆಂದರೆ ಮಣ್ಣಿನ ಕಣದ ಮರೆಯಲ್ಲಿ ಕುಳಿತ ಕ್ರಿಮಿಯನ್ನು ಯಾವ ಔಷಧಿಯೂ ಸುಲಭವಾಗಿ ಮುಟ್ಟಲಾರದು. ಕಬ್ಬಿಣ, ಅಮೋನಿಯಾ ಮತ್ತು ಕೊಳೆತ ಎಲೆ ಕಸ ಇರುವ ನೀರು ತಾನೇ ಬಹಳಷ್ಟು ಕ್ಲೋರಿನ್ ನುಂಗಿಬಿಡುತ್ತದೆ.

ನಿಮ್ಮ ನೀರು ಎಷ್ಟು ಕ್ಲೋರಿನ್ ನುಂಗುತ್ತದೆ ಎಂಬುದನ್ನು ಊರಿನಲ್ಲೇ ಕಂಡುಕೊಳ್ಳಬಹುದು. ಹೊಸ ಬ್ಲೀಚಿಂಗ್ ಪೌಡರ್ 30ರಿಂದ 33 ಗ್ರಾಂ ತೂಗಿ ಒಂದು ಲೀಟರ್ ನೀರಿನಲ್ಲಿ ಕಲಕಿ, ಗಸಿ ಇಳಿಯಲು ಬಿಟ್ಟರೆ ಮೇಲಿನ ತಿಳಿ ಸುಮಾರು ಶೇಕಡಾ 1ರ ದ್ರಾವಣವಾಗುತ್ತದೆ. ತಲಾ 20 ಲೀಟರ್ ಬಾವಿ ನೀರಿರುವ ನಾಲ್ಕು ಪ್ಲಾಸ್ಟಿಕ್ ಬಕೆಟ್‌ಗಳಿಗೆ ಸೂಜಿಯಿಲ್ಲದ ಸಿರಿಂಜಿನಿಂದ ಕ್ರಮವಾಗಿ 2, 4, 6, 8 ಮಿಲಿಲೀಟರ್ ತಿಳಿ ದ್ರಾವಣ ಹಾಕಿದರೆ ಲೀಟರಿಗೆ 1, 2, 3, 4 ಮಿಲಿಗ್ರಾಂ ಕ್ಲೋರಿನ್ ಸೇರಿದಂತಾಗುತ್ತದೆ. ಅರ್ಧ ಗಂಟೆಯ ನಂತರ ಪರೀಕ್ಷಾ ಕಿಟ್ಟಿನಿಂದ ಅಳೆದು, ಯಾವ ಬಕೆಟ್ಟಿನಲ್ಲಿ 0.5ಕ್ಕಿಂತ ತುಸು ಹೆಚ್ಚು ಉಳಿದಿದೆಯೋ ಅದನ್ನೇ ಆ ದಿನದ ಪ್ರಮಾಣವೆಂದು ಹಿಡಿಯಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆ ಶುರುವಾದ ಮೇಲೆ ಮತ್ತೊಮ್ಮೆ ಇದನ್ನು ಮಾಡಿ ನೋಡಿದರೆ ಒಂದೇ ಬಾವಿಯ ನೀರು ಎಷ್ಟು ಬದಲಾಗುತ್ತದೆಂಬುದು ತಿಳಿಯುತ್ತದೆ.

ಬ್ಲೀಚಿಂಗ್ ಪೌಡರ್: ಅಗ್ಗ, ಆದರೆ ಚೀಲದ ವಯಸ್ಸು ಕೇಳಿ

ಇದು ಎಲ್ಲೆಡೆ ಸಿಗುತ್ತದೆ, ಬೆಲೆ ಕಡಿಮೆ, ನೀರುಗಂಟಿಗೆ ರೂಢಿಯಿದೆ. ಹೊಸದಾಗಿದ್ದಾಗ ಇದರಲ್ಲಿ ಸುಮಾರು ಶೇಕಡಾ 33ರಷ್ಟು ಲಭ್ಯ (ಕ್ರಿಮಿ ಕೊಲ್ಲಲು ಒದಗುವ) ಕ್ಲೋರಿನ್ ಇರುತ್ತದೆ. ಗಾಳಿ, ತೇವ, ಬೆಳಕು ಮತ್ತು ಸೆಕೆ ತಾಗಿದಂತೆ ಅದು ಇಳಿಯುತ್ತ ಹೋಗುತ್ತದೆ, ಆದರೆ ಪುಡಿಯ ಬಣ್ಣವಾಗಲಿ ಘಾಟಾಗಲಿ ಈ ಇಳಿತವನ್ನು ನಂಬುವಂತೆ ತೋರಿಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಊರಿನ ಪಂಪ್‌ಹೌಸಿನಲ್ಲಿ ನಾನು ನೋಡಿದ ದಾಖಲೆ ಪುಸ್ತಕದಲ್ಲಿ ಪ್ರತಿದಿನವೂ ಪುಡಿ ಹಾಕಿದ ಗುರುತಿತ್ತು, ನೀರುಗಂಟಿ ನಿಜವಾಗಿಯೂ ಹಾಕಿದ್ದ, ಅವನ ಕೆಲಸದಲ್ಲಿ ಕೊರತೆಯಿರಲಿಲ್ಲ. ಹಾಗಿದ್ದೂ ಕೊನೆಯ ಓಣಿಯ ನೀರಿನಲ್ಲಿ ಕ್ಲೋರಿನ್ನಿನ ಸುಳಿವೇ ಇರಲಿಲ್ಲ. ಬಾಯಿ ತೆರೆದ ಚೀಲ ಹಿಂದಿನ ಮಳೆಗಾಲದಿಂದ ಅಲ್ಲೇ ಕುಳಿತಿತ್ತು. ಆ ದಿನದಿಂದ ನಾನು ಎಲ್ಲಿಗೆ ಹೋದರೂ ಮೊದಲು ಕೇಳುವುದು ಚೀಲ ಬಂದ ತಾರೀಖು.

ಇಲ್ಲಿ ಒಂದು ಸರಳ ಲೆಕ್ಕ ಮಾಡಬೇಕು, ಏಕೆಂದರೆ ಆಯ್ಕೆಯ ಬಹುಭಾಗ ಇದರಲ್ಲೇ ತೀರ್ಮಾನವಾಗುತ್ತದೆ. ಜಲ ಜೀವನ್ ಮಿಷನ್ನಿನ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಹಿಡಿದರೆ 1,000 ಜನರ ಊರಿಗೆ 55,000 ಲೀಟರ್ ಬೇಕು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕಾಗುವ ನೀರಾದರೆ ದಿನಕ್ಕೆ 110 ಗ್ರಾಂ ಕ್ಲೋರಿನ್, ಅಂದರೆ ಹೊಸ ಪುಡಿಯಲ್ಲಿ ಸುಮಾರು 330 ಗ್ರಾಂ. 25 ಕಿಲೋ ಚೀಲ ಎರಡೂವರೆ ತಿಂಗಳಿಗೆ ಮುಗಿಯುತ್ತದೆ. 200 ಜನರ ತಾಂಡಾಕ್ಕೆ ಇದೇ ಲೆಕ್ಕದಲ್ಲಿ ದಿನಕ್ಕೆ ಬೇಕಾಗುವುದು 67 ಗ್ರಾಂ ಮಾತ್ರ, ಹಾಗಾಗಿ ಅದೇ ಚೀಲ ಅಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿರುತ್ತದೆ. ಊರು ಚಿಕ್ಕದಾದಷ್ಟೂ ಪುಡಿ ಹಳತಾಗುತ್ತದೆ ಎಂಬ ಈ ಸಂಗತಿಯನ್ನು ಗಮನಿಸದೆ ಎಲ್ಲ ಊರುಗಳಿಗೂ ಒಂದೇ ಚೀಲ ಹಂಚುವುದರಿಂದ ಅತಿ ಸಣ್ಣ ಜನವಸತಿಗಳಿಗೆ ಅತಿ ದುರ್ಬಲ ಔಷಧಿ ಸೇರುತ್ತದೆ. ಪುಡಿಯ ಶಕ್ತಿ ಶೇಕಡಾ 20ಕ್ಕೆ ಇಳಿದಿದ್ದರೆ 1,000 ಜನರ ಊರಿಗೂ 330 ಗ್ರಾಮಿನ ಬದಲು 550 ಗ್ರಾಂ ಬೇಕಾಗುತ್ತದೆ, ಆದರೆ ನೀರುಗಂಟಿಯ ಅಳತೆಯ ಡಬ್ಬಿ ಬದಲಾಗಿರುವುದಿಲ್ಲ. ಸಣ್ಣ ಊರಿಗೆ ಪುಡಿಯನ್ನೇ ಕೊಡುವುದಾದರೆ ತಿಂಗಳಿಗೆ ಸಾಲುವಷ್ಟನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮೇಲೆ ತಾರೀಖು ಬರೆದು ಕೊಡಬೇಕು.

ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಎಸೆಯುವ ರೂಢಿಯನ್ನು ಬಿಡಲೇಬೇಕು. ಅದರಲ್ಲಿರುವ ಸುಣ್ಣ ತಳಕ್ಕೆ ಕೂರುತ್ತದೆ, ಕ್ಲೋರಿನ್ ಸಮನಾಗಿ ಬೆರೆಯುವುದಿಲ್ಲ, ಮೊದಲ ಓಣಿಗೆ ಘಾಟು ನೀರು, ಕೊನೆಯ ಓಣಿಗೆ ಬರಿಯ ನೀರು ಹೋಗುತ್ತದೆ. ಪುಡಿಯನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕದಡಿ, ತಿಳಿಯನ್ನಷ್ಟೇ ತೆಗೆದು, ಟ್ಯಾಂಕ್ ತುಂಬುತ್ತಿರುವಾಗ ನೀರು ಬೀಳುವ ಜಾಗದಲ್ಲಿ ತೊಟ್ಟಿಕ್ಕಿಸಬೇಕು.

ದ್ರವ ಹೈಪೋಕ್ಲೋರೈಟ್: ಮೋಟಾರಿನ ಜೊತೆ ನಡೆಯುವ ಅನುಕೂಲ

ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಕ್ಯಾನುಗಳಲ್ಲಿ ಸುಮಾರು ಶೇಕಡಾ 10ರ ಶಕ್ತಿಯಲ್ಲಿ ಬರುತ್ತದೆ. ನಮ್ಮ 1,000 ಜನರ ಊರಿಗೆ ದಿನಕ್ಕೆ ಒಂದು ಲೀಟರ್ ಮತ್ತು ಸ್ವಲ್ಪ ಸಾಕು. ಗಸಿಯಿಲ್ಲ, ಕದಡುವ ಕೆಲಸವಿಲ್ಲ. ಇದರ ನಿಜವಾದ ಪ್ರಯೋಜನ ಬೇರೆಡೆ ಇದೆ: ಔಷಧಿಯನ್ನು ಅಳತೆಯಂತೆ ನೀರಿಗೆ ಸೇರಿಸುವ ಸಣ್ಣ ಡೋಸಿಂಗ್ ಪಂಪನ್ನು ಕೊಳವೆ ಬಾವಿಯ ಸ್ಟಾರ್ಟರಿಗೆ ಜೋಡಿಸಿಬಿಟ್ಟರೆ ಮೋಟಾರು ಓಡಿದಾಗಲೆಲ್ಲ ಔಷಧಿ ಸೇರುತ್ತದೆ, ಮೋಟಾರು ನಿಂತಾಗ ಅದೂ ನಿಲ್ಲುತ್ತದೆ. ಮೂರು ಫೇಸ್ ಕರೆಂಟು ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ನಮ್ಮ ಊರುಗಳಲ್ಲಿ, ನೀರುಗಂಟಿ ಮಲಗಿರುವಾಗ ತುಂಬಿದ ಟ್ಯಾಂಕಿನ ನೀರೂ ಸುರಕ್ಷಿತವಾಗಿರಬೇಕಾದರೆ ಈ ಜೋಡಣೆಗಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಗುರುತ್ವದಿಂದ ತೊಟ್ಟಿಕ್ಕುವ ಡ್ರಮ್ಮು ಅಗ್ಗವಾದರೂ ಅದು ಮೋಟಾರು ನಿಂತ ಮೇಲೂ ಹನಿಯುತ್ತಿರುತ್ತದೆ ಅಥವಾ ಯಾರೋ ಕೊಳಾಯಿ ತಿರುಗಿಸುವವರೆಗೆ ಹನಿಯುವುದೇ ಇಲ್ಲ.

ಇದರ ದೌರ್ಬಲ್ಯ ಸೆಕೆ. ತಾಪಮಾನ 10 ಡಿಗ್ರಿ ಏರಿದರೆ ದ್ರಾವಣ ಕೆಡುವ ವೇಗ ಮೂರು ನಾಲ್ಕು ಪಟ್ಟಾಗುತ್ತದೆ. 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟ ಕ್ಯಾನಿನ ಗತಿ ಏನಾಗುತ್ತದೆಂದು ಊಹಿಸಬಹುದು. ಹಳತಾದ ದ್ರಾವಣದಲ್ಲಿ ಕ್ಲೋರೇಟ್ ಎಂಬ ಬೇಡದ ಪದಾರ್ಥವೂ ಹೆಚ್ಚುತ್ತದೆ. ಆದ್ದರಿಂದ ಮಾರ್ಚಿಯಿಂದ ಜೂನ್‌ವರೆಗೆ ಹದಿನೈದು ದಿನಕ್ಕೊಮ್ಮೆ ತಾಜಾ ಸರಬರಾಜು ಪಡೆಯುವ ಭರವಸೆಯಿದ್ದರೆ ಮಾತ್ರ ಇದನ್ನು ಆರಿಸಿಕೊಳ್ಳಬೇಕು. ಕ್ಯಾನು ಬಂದ ದಿನವೇ ಸಮಪ್ರಮಾಣದ ನೀರು ಬೆರೆಸಿ ಇಟ್ಟರೆ ಕೆಡುವ ವೇಗ ಗಣನೀಯವಾಗಿ ತಗ್ಗುತ್ತದೆ, ಹಾಗೆ ಮಾಡಿದಾಗ ಡೋಸು ಇಮ್ಮಡಿಯಾಗಬೇಕೆಂಬುದನ್ನು ಮರೆಯಬಾರದು. ಬೆರೆಸುವ ನೀರು ಗಡಸಾಗಿದ್ದರೆ ಬಿಳಿಯ ಸುಣ್ಣ ಇಳಿದು ಡೋಸಿಂಗ್ ಪಂಪಿನ ಬಾಯಿಯನ್ನು ಕಟ್ಟುತ್ತದೆ. ಚಿತ್ತಾಪುರ, ಸೇಡಂ ಸೀಮೆಯಲ್ಲಿ ಔಷಧಿ ಪೈಪಿಗೆ ಸೇರುವ ಮೂತಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯದಿದ್ದರೆ ಅದು ಸುಣ್ಣಗಟ್ಟಿ ಮುಚ್ಚಿಹೋಗುತ್ತದೆ. ತೊಳೆಯಲು ಆಮ್ಲ ಬಳಸುವವರು ಮೊದಲು ಬರಿಯ ನೀರಿನಿಂದ ಚೆನ್ನಾಗಿ ತೊಳೆದುಕೊಳ್ಳಲೇಬೇಕು, ಏಕೆಂದರೆ ಕ್ಲೋರಿನ್ ಔಷಧಿಗೆ ಆಮ್ಲ ತಾಗಿದರೆ ವಿಷಾನಿಲ ಏಳುತ್ತದೆ.

ಹರಳು, ಮಾತ್ರೆ ಮತ್ತು ಉಪ್ಪಿನಿಂದ ತಯಾರಾಗುವ ಕ್ಲೋರಿನ್

ಶೇಕಡಾ 65ರ ಸುಮಾರು ಶಕ್ತಿಯ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು ಬ್ಲೀಚಿಂಗ್ ಪೌಡರಿಗಿಂತ ದುಬಾರಿ, ಆದರೆ ಹೆಚ್ಚು ಕಾಲ ಬಾಳುತ್ತದೆ, 1,000 ಜನರ ಊರಿಗೆ ದಿನಕ್ಕೆ 170 ಗ್ರಾಂ ಸಾಕು. ಸೋಡಿಯಂ ಡೈಕ್ಲೋರೋಐಸೊಸಯನ್ಯೂರೇಟ್ ಎಂಬ ಉದ್ದ ಹೆಸರಿನ ಕ್ಲೋರಿನ್ ಮಾತ್ರೆಗಳು ಮುಚ್ಚಿದ ಪೊಟ್ಟಣದಲ್ಲಿ ವರ್ಷಗಟ್ಟಲೆ ಶಕ್ತಿ ಉಳಿಸಿಕೊಳ್ಳುತ್ತವೆ, ಗಸಿ ಬಿಡುವುದಿಲ್ಲ, ತೂಕ ಮಾಡುವ ತೊಂದರೆಯಿಲ್ಲ, ಎಣಿಸಿ ಹಾಕಿದರಾಯಿತು. ಚೀಲದ ವಯಸ್ಸಿನ ತೊಂದರೆ ಇರುವ ಸಣ್ಣ ತಾಂಡಾ, ಹಾಸ್ಟೆಲ್, ಅಂಗನವಾಡಿಗಳ ಮಿನಿ ಟ್ಯಾಂಕಿಗೆ ನಾನು ಎರಡು ಮಾತಿಲ್ಲದೆ ಮಾತ್ರೆಗಳನ್ನೇ ಸೂಚಿಸುತ್ತೇನೆ. ಲೀಟರಿನ ಲೆಕ್ಕದಲ್ಲಿ ಖರ್ಚು ಹೆಚ್ಚೆಂದು ಕಂಡರೂ ಅಲ್ಲಿ ಬೇಕಾಗುವ ಒಟ್ಟು ಪ್ರಮಾಣ ಚಿಕ್ಕದು. ಕುಡಿಯುವ ನೀರಿಗೆಂದೇ ತಯಾರಿಸಿದ ಮಾತ್ರೆಯೇ ಆಗಿರಬೇಕು, ಈಜುಕೊಳದ ಮಾತ್ರೆ ಬೇಡ. ಈ ಮಾತ್ರೆಗಳನ್ನೂ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳನ್ನೂ ಒಂದೇ ಡಬ್ಬಿಯಲ್ಲಿ ಬೆರೆಸುವುದು ಅಪಾಯ, ಬೆಂಕಿ ಹೊತ್ತಿಕೊಳ್ಳಬಹುದು, ಸ್ಫೋಟವೂ ಆಗಬಹುದು.

ಅಡುಗೆ ಉಪ್ಪಿನ ದ್ರಾವಣಕ್ಕೆ ವಿದ್ಯುತ್ ಹಾಯಿಸಿ ಸ್ಥಳದಲ್ಲೇ ಹೈಪೋಕ್ಲೋರೈಟ್ ತಯಾರಿಸುವ ಯಂತ್ರವೂ ಇದೆ. ಶೇಕಡಾ ಒಂದಕ್ಕಿಂತ ಕಡಿಮೆ ಶಕ್ತಿಯ ತಾಜಾ ದ್ರಾವಣ ಸಿಗುವುದರಿಂದ ಸಂಗ್ರಹದಲ್ಲಿ ಕೆಡುವ ಭಯವಿಲ್ಲ. ಒಂದೇ ಊರಿಗೆ ಇದು ಭಾರವಾಗುತ್ತದೆ, ನಾಲ್ಕೈದು ಊರುಗಳ ಒಂದು ಪಂಚಾಯಿತಿ ಒಂದು ಯಂತ್ರವಿಟ್ಟು ವಾರಕ್ಕೊಮ್ಮೆ ಡ್ರಮ್ಮು ತುಂಬಿಸಿ ಹಂಚಿದರೆ ಯೋಚಿಸಬಹುದು. ಸಿಲಿಂಡರಿನ ಕ್ಲೋರಿನ್ ಅನಿಲ ಪಟ್ಟಣಗಳ ನೀರು ಶುದ್ಧೀಕರಣ ಘಟಕಗಳಿಗೆ ಸರಿ. ತರಬೇತಿ ಪಡೆದವರಿಲ್ಲದ ಹಳ್ಳಿಯ ಪಂಪ್‌ಹೌಸಿನಲ್ಲಿ ಅದಕ್ಕೆ ಜಾಗವಿಲ್ಲ.

ಯುವಿ, ಓಜೋನ್, ಆರ್‌ಒ

ಯುವಿ ದೀಪ ನೀರಿಗೆ ರುಚಿ ವಾಸನೆ ಸೇರಿಸುವುದಿಲ್ಲ, ಕ್ಲೋರಿನ್ನಿಗೆ ಬಗ್ಗದ ಕ್ರಿಪ್ಟೊಸ್ಪೊರಿಡಿಯಂ ಜೀವಿಯನ್ನೂ ಅದು ನಿಷ್ಕ್ರಿಯಗೊಳಿಸುತ್ತದೆ. ಆದರೆ ದೀಪದ ಬೆಳಕು ದಾಟಿದ ಮರುಕ್ಷಣದಿಂದ ನೀರಿಗೆ ಯಾವ ಕಾವಲೂ ಇರುವುದಿಲ್ಲ. ದಿನಕ್ಕೊಮ್ಮೆ ಒಂದೆರಡು ಗಂಟೆ ನೀರು ಬಿಟ್ಟು ಉಳಿದ ಹೊತ್ತು ಪೈಪು ಖಾಲಿ ಬಿದ್ದಿರುವ ನಮ್ಮ ವ್ಯವಸ್ಥೆಯಲ್ಲಿ, ಒಡೆದ ಕೂಡುಗಳ ಮೂಲಕ ಚರಂಡಿಯ ನೀರನ್ನು ಖಾಲಿ ಪೈಪು ಒಳಗೆ ಎಳೆದುಕೊಳ್ಳುತ್ತದೆ. ಟ್ಯಾಂಕಿನ ಬುಡದಲ್ಲಿ ಎಷ್ಟೇ ದೊಡ್ಡ ದೀಪವಿದ್ದರೂ ಈ ಕೊಳೆಗೆ ಅದು ಉತ್ತರವಲ್ಲ. ಮೇಲಾಗಿ ಗಡಸು ನೀರಿನಲ್ಲಿ ದೀಪದ ಸ್ಫಟಿಕದ ಕೊಳವೆಯ ಮೇಲೆ ಸುಣ್ಣದ ಪೊರೆ ಕಟ್ಟಿ ಬೆಳಕು ಮಂಕಾಗುತ್ತದೆ, ಕರೆಂಟು ಹೋದರೆ ಕೆಲಸವೇ ನಿಲ್ಲುತ್ತದೆ, ಮತ್ತು ಉರಿಯುತ್ತಿರುವಂತೆ ಕಂಡರೂ ವರ್ಷದೊಳಗೆ ದೀಪ ಬದಲಿಸಬೇಕಾಗುತ್ತದೆ. ಒಂದೇ ಕಟ್ಟಡದಲ್ಲಿ, ನಳದ ಬಾಯಿಯ ಹತ್ತಿರವೇ ಕೂರಿಸಬಹುದಾದ ಶಾಲೆ ಅಥವಾ ಆಸ್ಪತ್ರೆಗೆ ಮಾತ್ರ ಯುವಿ ಸರಿಹೊಂದುತ್ತದೆ. ಓಜೋನಿಗೂ ಉಳಿಕೆಯಿಲ್ಲದ ಇದೇ ಕೊರತೆಯಿದೆ, ಖರ್ಚು ಇನ್ನೂ ಹೆಚ್ಚು.

ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ಆರ್‌ಒ ಯಂತ್ರ ಫ್ಲೋರೈಡ್ ಮತ್ತು ಲವಣಗಳನ್ನು ತೆಗೆಯಲು ಇರುವಂಥದ್ದು. ಅಲ್ಲಿಂದ ಹೊರಟ ನೀರಿನಲ್ಲೂ ಉಳಿಕೆ ಕ್ಲೋರಿನ್ ಇರುವುದಿಲ್ಲವಾದ್ದರಿಂದ ತೊಳೆಯದ ಕ್ಯಾನಿಗೆ ತುಂಬಿದ ನೀರು ಮನೆ ಸೇರುವಷ್ಟರಲ್ಲಿ ಮತ್ತೆ ಕೆಡಬಹುದು. ಘಟಕ ಬಂದಿದೆಯೆಂದು ನಳದ ನೀರಿಗೆ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿದ ಊರುಗಳನ್ನು ಕಂಡಾಗ ನನಗೆ ನೋವಾಗುತ್ತದೆ, ಏಕೆಂದರೆ ಕ್ಯಾನು ಕೊಳ್ಳಲಾಗದ ಮನೆಯ ಮಕ್ಕಳು ಕುಡಿಯುವುದು ನಳದ ನೀರನ್ನೇ.

ನೇರವಾಗಿ ಸೇದುವ ತೆರೆದ ಬಾವಿ

ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ಜೋಡಿ ಮಡಕೆ ವಿಧಾನವನ್ನು ಕೆಲವರು ಊರಬಾವಿಗೂ ಕೇಳುತ್ತಾರೆ. ಒಂದು ಕಿಲೋ ಬ್ಲೀಚಿಂಗ್ ಪೌಡರಿಗೆ ಎರಡು ಕಿಲೋ ದಪ್ಪ ಮರಳು ಬೆರೆಸಿ, ತೂತಿರುವ ಮಡಕೆಯೊಳಗೆ ಮಡಕೆಯಿಟ್ಟು ನೀರಿನಲ್ಲಿ ಇಳಿಬಿಡುವ ಈ ವಿಧಾನ ಸುಮಾರು 4,500 ಲೀಟರ್ ನೀರಿದ್ದು ದಿನಕ್ಕೆ 360ರಿಂದ 450 ಲೀಟರ್ ಸೇದುವ ಮನೆಬಾವಿಗೆ ಎರಡು ಮೂರು ವಾರ ಸಾಲುತ್ತದೆ. ಮೋಟಾರಿಟ್ಟ ಊರಬಾವಿಗೆ ಇದು ಸಾಲದು. ಅಂಥ ಬಾವಿಯ ನೀರಿಗೆ ಟ್ಯಾಂಕಿನಲ್ಲಿ ಕ್ಲೋರಿನ್ ಹಾಕುವುದೇ ಸರಿ. ಕೊಡದಿಂದ ಸೇದುವವರೂ ಇದ್ದರೆ ರಾತ್ರಿ ಸೇದುವುದು ನಿಂತ ಮೇಲೆ ಬಾವಿಗೂ ತಿಳಿ ದ್ರಾವಣ ಬೆರೆಸಿ ಬೆಳಗಿನವರೆಗೆ ಬಿಡಬೇಕು.

ಅಳೆಯುವವರು ಯಾರು

ಯಾವುದನ್ನೇ ಆರಿಸಿಕೊಂಡರೂ ಅಳತೆ ಕೊನೆಯ ನಳದಲ್ಲೇ ನಡೆಯಬೇಕು, ಅದೂ ನೀರು ಬಂದು ಕೆಲವು ನಿಮಿಷಗಳಾದ ಮೇಲೆ. ಪರೀಕ್ಷಾ ಕಿಟ್ಟುಗಳಲ್ಲಿ, ಕ್ಲೋರಿನ್ ಇದ್ದರೆ ಹಳದಿ ಬಣ್ಣ ತೋರಿಸುವ ಆರ್ಥೊಟಾಲಿಡಿನ್‌ಗಿಂತ ಗುಲಾಬಿ ಬಣ್ಣ ತೋರಿಸುವ ಡಿಪಿಡಿ ಮಾತ್ರೆ ಸುರಕ್ಷಿತ, ಮುಕ್ತ ಕ್ಲೋರಿನ್ನನ್ನು ನಿಖರವಾಗಿಯೂ ತೋರಿಸುತ್ತದೆ. ಕ್ಲೋರಿನ್ ವಿಪರೀತ ಹೆಚ್ಚಿದ್ದರೆ ಡಿಪಿಡಿಯ ಬಣ್ಣ ಮೂಡಿ ಮಾಯವಾಗಿ ಸೊನ್ನೆಯಂತೆ ಕಾಣುವುದುಂಟು. ಘಾಟಿದ್ದೂ ಬಣ್ಣ ಬರದಿದ್ದರೆ ಶುದ್ಧ ನೀರು ಬೆರೆಸಿ ಮತ್ತೆ ನೋಡಬೇಕು. ಈ ಕೆಲಸವನ್ನು ಔಷಧಿ ಹಾಕುವವರಿಗೇ ಒಪ್ಪಿಸದೆ ಆ ಓಣಿಯ ಸ್ವಸಹಾಯ ಸಂಘದ ಒಬ್ಬ ಅಕ್ಕನಿಗೋ ಆಶಾ ಕಾರ್ಯಕರ್ತೆಗೋ ವಹಿಸಿದರೆ ಸೊನ್ನೆ ಬಂದ ದಿನವೇ ಸುದ್ದಿ ಪಿಡಿಒ ಅವರಿಗೆ ತಲುಪುತ್ತದೆ.

ಹಳ್ಳ ತುಂಬಿ ಬಾವಿಗೆ ರಾಡಿ ನೀರು ನುಗ್ಗಿದಾಗ, ಮೋಟಾರು ರಿಪೇರಿಗೆಂದು ಪೈಪು ಎತ್ತಿಳಿಸಿದಾಗ, ಬೇಸಿಗೆ ರಜೆಯ ನಂತರ ಶಾಲೆ ತೆರೆಯುವ ಮುನ್ನ ದಿನನಿತ್ಯದ ಪ್ರಮಾಣ ಸಾಲದು. ನುಗ್ಗಿದ ರಾಡಿಯನ್ನು ಮೊದಲು ಎತ್ತಿ ಹೊರಹಾಕಿ, ಲೀಟರಿಗೆ 50 ಮಿಲಿಗ್ರಾಂ ಲೆಕ್ಕದಲ್ಲಿ ಕ್ಲೋರಿನ್ ಬೆರೆಸಬೇಕು. ದುಂಡು ಬಾವಿಯಾದರೆ ವ್ಯಾಸವನ್ನು ವ್ಯಾಸದಿಂದಲೂ, ನೀರಿನ ಆಳದಿಂದಲೂ, 0.785ರಿಂದಲೂ ಗುಣಿಸಿದರೆ ಘನ ಮೀಟರಿನಲ್ಲಿ ನೀರಿನ ಪ್ರಮಾಣ ಸಿಗುತ್ತದೆ: 4 ಮೀಟರ್ ವ್ಯಾಸ, 3 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 37.7 ಘನ ಮೀಟರ್, ಅಂದರೆ 37,700 ಲೀಟರ್, ಅದಕ್ಕೆ ಹೊಸ ಬ್ಲೀಚಿಂಗ್ ಪೌಡರ್ ಐದು ಮುಕ್ಕಾಲು ಕಿಲೋ. ಪೈಪುಗಳಲ್ಲೂ ಆ ನೀರು ತುಂಬುವಂತೆ ನಳಗಳಲ್ಲಿ ಘಾಟು ಬರುವವರೆಗೆ ಹರಿಸಿ, 12ರಿಂದ 24 ಗಂಟೆ ಹಾಗೆಯೇ ಬಿಟ್ಟು, ಆಮೇಲೆ ಎಲ್ಲವನ್ನೂ ಮೀನಿರುವ ಕೆರೆ ಹಳ್ಳಗಳಿಗೆ ಸೇರದಂತೆ ಬಯಲಿಗೆ ಬಿಡಬೇಕು. ಅಷ್ಟು ಹೊತ್ತು ಊರಿಗೆ ಟ್ಯಾಂಕರಿನ ನೀರು ಬೇಕಾಗುತ್ತದೆ, ಆ ಟ್ಯಾಂಕರಿಗೂ ಕ್ಲೋರಿನ್ ಹಾಕಿರಬೇಕು. ಕೊನೆಯ ನಳದಲ್ಲಿ ಕ್ಲೋರಿನ್ ಅಂಶ ಲೀಟರಿಗೆ 1 ಮಿಲಿಗ್ರಾಮಿಗೆ ಇಳಿದ ಮೇಲೆ ಡಂಗೂರ ಸಾರಿ ನೀರು ಬಿಡಬಹುದು.